ಚೀಲ ಕಟ್ಟಿದವರ ಕನಸು

ಸರ್ವಮಂಗಳೆ ಎಲ್ಲಿಗೇ ಹೊರಡಲಿ, ಅವಳ ಚೀಲ ಕಟ್ಟಬೇಕಾದವಳು ನಾನು. ಇದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಬರೆಸಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ. ಅವಳು ಮದುವೆಯಾಗಿ ನಮ್ಮ ಬೀದಿಗೆ ಬಂದ ವರ್ಷ ಮೊದಲ ಸಲ ತವರಿಗೆ ಹೊರಟಾಗ ನಾನೇ ಕಟ್ಟಿದ್ದೆ. ತಮ್ಮನ ಮದುವೆಗೆ ಹೋದಾಗ ನಾನೇ. ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗಲೂ ನಾನೇ. ಅಲ್ಲಿ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ ಮಾತನ್ನು ಅವಳ ಮಕ್ಕಳಿಗಿಂತ ಮೊದಲು ಕೇಳಿಸಿಕೊಂಡವಳು ನಾನು. ಇಷ್ಟೆಲ್ಲ ಆದ ಮೇಲೆ ಅವಳು ಅರಬರ ಊರುಗಳಿಗೆ ಹೊರಟಾಗ ಚೀಲವನ್ನು ಉಷಾರಾಣಿಯ ಕೈಲಿ ಕಟ್ಟಿಸಿದಳು ಎಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಯೋಚನೆ ಮಾಡಿ.

ನಮ್ಮೂರಿನಲ್ಲಿ ಪ್ರಯಾಣ ಹೋಗುವವರು ತಮ್ಮ ಚೀಲವನ್ನು ತಾವೇ ಕಟ್ಟಿಕೊಳ್ಳುವುದಿಲ್ಲ. ಬೇರೆಯವರು ಕಟ್ಟಿ, ಹೋಗುವವರ ಹೆಸರು ಹೇಳಿ, ತಮ್ಮ ಸೀರೆಯ ಅಂಚಿನಿಂದಲೋ ಪಂಚೆಯ ಅಂಚಿನಿಂದಲೋ ಒಂದು ಎಳೆ ಕಿತ್ತು ಹಿಡಿಕೆಗೆ ಗಂಟು ಹಾಕುತ್ತಾರೆ. ಆ ಗಂಟು ಇರುವಷ್ಟು ದಿನ, ಹೋದವರು ಹಗಲು ಕಂಡದ್ದು ಕೇಳಿದ್ದು ಎಲ್ಲ ಕಟ್ಟಿದವರ ಕನಸಿನಲ್ಲಿ ಬರುತ್ತದೆ. ಹೋದವರು ತಿರುಗಿ ಬಂದು ತಮ್ಮ ಕೈಯಾರೆ ಗಂಟು ಬಿಚ್ಚಿದರೆ ಮುಗಿಯಿತು. ಅಲ್ಲಿಯವರೆಗೆ ಕಟ್ಟಿದವರು ಊರ ಗಡಿ ದಾಟುವಂತಿಲ್ಲ. ದಾಟಿದರೆ ಹೋದವರಿಗೆ ದಾರಿ ತಪ್ಪುತ್ತದೆ. ಹೀಗಾಗಿ ನಮ್ಮಲ್ಲಿ ಒಬ್ಬರು ಹೋಗುತ್ತಾರೆ, ಒಬ್ಬರು ಉಳಿಯುತ್ತಾರೆ, ಒಬ್ಬರ ಖರ್ಚಿನಲ್ಲಿ ಇಬ್ಬರು ಊರು ನೋಡುತ್ತಾರೆ. ಬೇರೆ ಊರಿನವರು ಇದನ್ನು ಕೇಳಿ ನಕ್ಕದ್ದುಂಟು. ನಗಲಿ, ಅವರಿಗೆ ಬಸ್‌ಚಾರ್ಜು ಉಳಿಸುವ ದಾರಿ ಗೊತ್ತಿಲ್ಲ.

ಒಂದು ಮಾತು ಮಾತ್ರ ಮರೆಯಬಾರದು. ಹೋದವರಿಗೆ ಹೇಗೆ ಕಂಡಿತೋ ಕಟ್ಟಿದವರಿಗೂ ಹಾಗೆಯೇ ಕಾಣುತ್ತದೆ. ಎಣ್ಣೆ ಅಂಗಡಿಯ ಶಿವಲಿಂಗಯ್ಯ ಒಮ್ಮೆ ಅರಮನೆ ನೋಡಲು ಹೋಗಿದ್ದಾಗ ಅವನ ಚೀಲ ಕಟ್ಟಿದ್ದ ಭಾವಮೈದುನನಿಗೆ ಕನಸಿನ ತುಂಬ ಬರೀ ಬೆಲೆಯ ಬೋರ್ಡುಗಳೇ ಬಿದ್ದವು, ಅರಮನೆ ಎಲ್ಲೋ ಮೂಲೆಯಲ್ಲಿ ಮಸುಕಾಗಿ ನಿಂತಿತ್ತು. ಅದಕ್ಕೇ ನಾವು ಯಾರ ಚೀಲ ಕಟ್ಟಬೇಕೆಂದು ಅಳೆದು ಸುರಿದು ನೋಡುತ್ತೇವೆ. ಸರ್ವಿಯ ಚೀಲ ಕಟ್ಟಲು ಸಿಗುವುದೆಂದರೆ ಪುಣ್ಯ. ಅವಳ ಕಣ್ಣಿಗೆ ಬಸ್ ಸ್ಟ್ಯಾಂಡಿನ ಹಂದಿಮರಿ ಕೂಡ ಮುದ್ದಾಗಿ ಕಾಣುತ್ತದೆ.

ಅವಳಿಗೆ ಅರಬರ ಊರಿನ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮೇಲೆ. ಇಡೀ ನೌಕರಿಯನ್ನು ಅವಳು ಕರೆಂಟ್ ಆಫೀಸಿನಲ್ಲಿ ಫೋನ್ ಎತ್ತುವುದರಲ್ಲಿ ಕಳೆದವಳು. ಒಂದು ಮಧ್ಯಾಹ್ನ ನನ್ನ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಹೇಳಿದಳು: "ಕರೆಂಟು ಹೋಗಿದೆ, ಯಾವಾಗ ಬರತ್ತೋ ಗೊತ್ತಿಲ್ಲ ಅಂತ ಹೇಳೀ ಹೇಳೀ ನನ್ನ ಬಾಯಿ ಸವೆದು ಹೋಯ್ತು ಕಣೇ ದಾಕ್ಷೀ. ಕರೆಂಟೇ ಹೋಗದ ಊರು ಅಂತ ಒಂದಿದೆಯಂತೆ. ಅದನ್ನ ನೋಡಬೇಕು. ಸಾಲಾಗಿ ನಾಲ್ಕೈದು ಊರು ಇದಾವಂತೆ, ಒಂದರ ಪಕ್ಕ ಒಂದು. ಆದರೆ ನನ್ನ ಪೆನ್ಷನ್‌ನಲ್ಲಿ ಆಗಬೇಕಲ್ಲ."

ಅಷ್ಟು ಸಾಕಿತ್ತು ನನಗೆ. ಒಂದು ಮೀಟರ್ ಬಟ್ಟೆಯಲ್ಲಿ ಉದ್ದ ತೋಳಿನ ಬ್ಲೌಸ್ ತೆಗೆಯುವವಳು ನಾನು. ಸಣ್ಣ ಪೆನ್ಷನ್‌ನಲ್ಲಿ ಐದು ಊರು ತೆಗೆಯಲಾರೆನೆ? ಕತ್ತರಿಸುವ ಮೇಜಿನ ಮೇಲೆ ಮಾರ್ಕಿಂಗ್ ಚಾಕಿನಲ್ಲಿ ಗೆರೆ ಎಳೆದೆ. ಇಲ್ಲಿ ದುಬೈ, ಅಂಟಿಕೊಂಡೇ ಶಾರ್ಜಾ, ಕೆಳಗೆ ಅಬುಧಾಬಿ, ಒಳಗಡೆ ಅಲ್ ಐನ್, ಆಚೆ ಗುಡ್ಡ ಇಳಿದರೆ ಸಮುದ್ರದ ದಡಕ್ಕೆ ಮಸ್ಕತ್. ಅಲ್ಲಿಗೆಲ್ಲ ಕೆಲಸಕ್ಕೆ ಹೋಗಿಬಂದ ಗಾರೆಯವರು, ಡ್ರೈವರುಗಳು, ಅವರ ಚೀಲ ಕಟ್ಟಿದ್ದ ಹೆಂಡತಿಯರು, ಎಲ್ಲರನ್ನೂ ಹಿಡಿದು ಕೂರಿಸಿ ಕೇಳಿದೆ. ಟಿಕೇಟು ಮಾಡಿಕೊಡುವ ಹಫೀಜ್ ನನ್ನನ್ನು ಕಂಡರೆ ಶಟರ್ ಎಳೆಯುವಷ್ಟು ಅವನ ತಲೆ ತಿಂದೆ. ದುಬೈಯಲ್ಲಿ ಇಳಿದು ಮಸ್ಕತ್‌ನಲ್ಲಿ ವಿಮಾನ ಹತ್ತುವುದು. ಹೋದ ದಾರಿಯಲ್ಲೇ ತಿರುಗಿ ಬಂದರೆ ದಂಡ. ಹೋಗುವ ಟಿಕೇಟು ಬೇರೆ, ಬರುವ ಟಿಕೇಟು ಬೇರೆ ತೆಗೆಯುವುದು, ಅದು ಅಗ್ಗ. ಟ್ಯಾಕ್ಸಿಯ ಕಡೆ ಕಣ್ಣೆತ್ತಿಯೂ ನೋಡಕೂಡದು. ದುಬೈಯ ಹಳೇ ಪೇಟೆಯಲ್ಲಿ ಕಡಲ ಕಾಲುವೆ ದಾಟಿಸುವ ಮರದ ದೋಣಿ ಇದೆ, ಪುಡಿಗಾಸಿಗೆ ಅದರಲ್ಲಿ ಕೂತು ಆಕಡೆ ಈಕಡೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಅಬುಧಾಬಿಯ ಬಿಳಿಯ ಮಸೀದಿಗೆ, ಅಲ್ ಐನ್‌ನ ಖರ್ಜೂರದ ತೋಟಕ್ಕೆ ದುಡ್ಡಿಲ್ಲ. ಊರಿಂದೂರಿಗೆ ಬಸ್ಸು. ಬೆಳಿಗ್ಗೆಗೆ ಮನೆಯ ಅವಲಕ್ಕಿ, ರಾತ್ರಿಗೆ ಅಲ್ಲಿಯ ರೊಟ್ಟಿ ಮತ್ತು ನನ್ನ ಚಟ್ನಿಪುಡಿ.

ಒಂದು ಮಧ್ಯಾಹ್ನ ರೂಮಿನ ವಿಷಯ ಬಂತು. "ಒಬ್ಬರಿದ್ದರೂ ಅದೇ ಬಾಡಿಗೆ, ಇಬ್ಬರಿದ್ದರೂ ಅದೇ ಬಾಡಿಗೆ," ಎಂದೆ.

"ಹಾಗಾದ್ರೆ ಒಬ್ಬಳೇ ಹೋಗೋದು ನಷ್ಟ ಅಲ್ವೇನೇ?" ಎಂದಳು ಸರ್ವಿ.

"ನಷ್ಟ ಏನು ಬಂತು? ಇನ್ನೊಂದು ಮಂಚದ ಮೇಲೆ ಚೀಲ ಇಟ್ಕೋ."

ಅವಳು ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಕಡಲೆಕಾಯಿ ಸುಲಿದಳು. ಆಮೇಲೊಂದು ದಿನ ನನ್ನ ಪಾಸ್‌ಪೋರ್ಟ್ ಕೇಳಿ ಇಸಕೊಂಡಳು. ಯಾವುದೋ ಕಾಲದಲ್ಲಿ ಇಬ್ಬರೂ ಹುಡುಗಾಟಕ್ಕೆ ಒಟ್ಟಿಗೆ ಮಾಡಿಸಿದ್ದು, ಆಮೇಲೆ ಒಟ್ಟಿಗೇ ಹೊಸದೂ ಮಾಡಿಸಿದ್ದೆವು. ಹಫೀಜ್ ಏನೋ ಹೋಲಿಸಿ ನೋಡಬೇಕಂತೆ ಎಂದಳು, ಕೊಟ್ಟೆ. ಮತ್ತೊಂದು ದಿನ ಹತ್ತಿಯ ಬಟ್ಟೆ ತಂದು ಮೂರು ಬ್ಲೌಸ್ ಹೊಲಿ ಎಂದಳು. "ನಮ್ಮ ವಾರಗಿತ್ತಿಗೆ. ಅವಳು ನಿನ್ನ ಥರಾನೇ ಗುಂಡಗಿದಾಳೆ, ನಿನ್ನ ಅಳತೇಲೇ ಹೊಲಿ." ಗುಂಡಗೆ ಅಂದದ್ದಕ್ಕೆ ಬೈದು, ಹೊಲಿದುಕೊಟ್ಟೆ.

ನನ್ನ ತಲೆಯಲ್ಲಿ ಇದ್ದದ್ದು ಬೇರೆಯೇ. ಚೀಲಕ್ಕೆ ಯಾವ ಸೀರೆಯ ಎಳೆ ಕೀಳಬೇಕು ಎಂದು ಆಗಲೇ ಗೊತ್ತು ಮಾಡಿಕೊಂಡಿದ್ದೆ, ನನ್ನ ಮದುವೆಯ ಹಸಿರು ಸೀರೆ. ಆ ವಾರ ಪೂರ್ತಿ ಬೇಗ ಮಲಗಬೇಕು, ಗಂಡನಿಗೆ ಊಟ ಮೊದಲೇ ಬಡಿಸಿಬಿಡಬೇಕು, ನಿದ್ದೆ ಕೆಡಿಸುವ ಕಾಫಿ ಸಂಜೆ ಕುಡಿಯಬಾರದು. ಸರ್ವಿಯ ಕಣ್ಣಿನಲ್ಲಿ ಕರೆಂಟೇ ಹೋಗದ ಊರು ಹೇಗಿರುತ್ತದೋ ಎಂದು ನೆನೆದರೆ ಮೈ ಜುಮ್ಮೆನ್ನುತ್ತಿತ್ತು. ಹೋಗುವವಳಿಗಿಂತ ನನಗೇ ಸಂಭ್ರಮ ಹೆಚ್ಚಾಗಿತ್ತು ಎಂದರೆ ತಪ್ಪಲ್ಲ.

ಹೊರಡಲು ವಾರವಿದೆ ಎನ್ನುವಾಗ ಅವಳು ಅಂಗಡಿಗೆ ಬಂದಳು. ಕೂರಲಿಲ್ಲ. ಬಾಗಿಲ ಹತ್ತಿರವೇ ನಿಂತು, ಏನೋ ಕದ್ದ ಮಗುವಿನ ಹಾಗೆ ನಗುತ್ತ, "ದಾಕ್ಷೀ, ಚೀಲ ಕಟ್ಟೋದಕ್ಕೆ ಉಷಾರಾಣೀಗೆ ಹೇಳಿದೀನಿ ಕಣೇ. ಯಾಕೆ ಅಂತಂದ್ರೆ..." ಎಂದಳು.

ಉಷಾರಾಣಿ! ಬ್ಯಾಂಕ್ ಮ್ಯಾನೇಜರನ ಹೆಂಡತಿ. ಹಾಲು ತರಲು ಬರುವಾಗಲೂ ಇಸ್ತ್ರಿ ಸೀರೆ. ನಮ್ಮೂರಿಗೆ ಬಂದು ವರ್ಷಗಳಾದರೂ ಎಲ್ಲರಿಗೂ ನೀವು, ತಾವು. ಒಬ್ಬರೂ ಅವಳ ಕೈಲಿ ಚೀಲ ಕಟ್ಟಿಸಿದವರಿಲ್ಲ. ನಮ್ಮವರ ಪ್ರಯಾಣ ಅವಳ ತಲೆಯೊಳಗೆ ಯಾಕೆ ಹೋಗಿ ಕೂರಬೇಕು? ಒಂದು ಕನಸೂ ಕಾಣದ ಅವಳಿಗೆ ಸಿಕ್ಕಿದ್ದು ಹೋಗಿ ಹೋಗಿ ನನ್ನ ಐದು ಊರು. ನಾನು ಚಾಕಿನಲ್ಲಿ ಒಂದೊಂದಾಗಿ ಕಟ್ಟಿದ ಊರು.

"ಯಾಕೆ ಅಂತ ನಾನು ಕೇಳಿದ್ನಾ?" ಎಂದೆ.

"ಕೇಳಬೇಡ ಕಣೇ, ನಾನೇ ಹೇಳ್ತೀನಿ. ನೋಡು, ನೀನೇ ಕಟ್ಟಿದ್ರೆ..."

"ನಾನು ಕಟ್ಟಿದ್ರೆ ಬ್ಯಾಂಕ್ ಮ್ಯಾನೇಜರ್ ಹೆಂಡ್ತಿ ಸ್ನೇಹ ಕಟ್ಟೋಕಾಗತ್ತಾ? ಹೋಗಮ್ಮಾ, ಹೋಗು. ಚೀಲಾನೂ ಅವಳ ಕೈಲೇ ಕಟ್ಟಿಸು, ಬ್ಲೌಸೂ ಅವಳ ಕೈಲೇ ಹೊಲಿಸು. ಇಷ್ಟು ದಿನ ನನ್ನ ಮೇಜು ಸವೆಸಿದ್ದಕ್ಕೆ ಬಾಡಿಗೆ ಕೇಳಲ್ಲ, ಅಷ್ಟೇ ನಿನ್ನ ಪುಣ್ಯ."

ಅವಳ ಮುಖದ ನಗು ಮಾಯವಾಯಿತು. ಮತ್ತೆ ಏನೋ ಹೇಳಲು ಬಾಯಿ ತೆರೆದಳು. ನಾನು ಹೊಲಿಗೆ ಯಂತ್ರ ತುಳಿಯತೊಡಗಿದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ, ಆದರೂ ತುಳಿದೆ, ಅವಳು ಹೋಗುವವರೆಗೂ ತುಳಿದೆ. ಆಮೇಲೆ ಒದ್ದೆ ಬಟ್ಟೆ ತಂದು ಮೇಜಿನ ಮೇಲಿನ ಐದೂ ಊರುಗಳನ್ನು ಒರೆಸಿಹಾಕಿದೆ.

ಆ ವಾರ ಅವಳು ಮೂರು ಸಲ ಮನೆಗೆ ಬಂದಳು. ಮೊದಲ ಸಲ ಮಲಗಿದ್ದಾಳೆ ಎಂದು ಹೇಳಿಸಿದೆ. ಎರಡನೆಯ ಸಲ ನಮ್ಮ ಯಜಮಾನರು, "ಸರ್ವಮಂಗಳ ಏನೋ ಹೇಳಬೇಕಂತೆ, ನನ್ನ ಹತ್ರ ಹೇಳಲ್ಲವಂತೆ, ನಿನ್ನ ಹತ್ರಾನೇ ಹೇಳಬೇಕಂತೆ," ಎಂದರು. "ಕೇಳೋಕೆ ನನಗೆ ಕಿವಿ ಇಲ್ಲ ಅನ್ನಿ," ಎಂದೆ, ಅವಳಿಗೆ ಕೇಳುವ ಹಾಗೆಯೇ. ಮೂರನೆಯ ಸಲ ಬಾಗಿಲು ತೆಗೆಯಲೇ ಇಲ್ಲ. ಫೋನ್ ಬಡಕೊಂಡಿತು, ಎತ್ತಲಿಲ್ಲ. ಬೇಕಾದರೆ ಇನ್ನೊಂದು ಸಲ ಬರಲಿ, ನಾಲ್ಕನೆಯ ಸಲ ಬಂದರೆ ತೆಗೆದೇನು ಎಂದುಕೊಂಡಿದ್ದೆ. ಅವಳಿಗೂ ಮೂಗಿನ ಮೇಲೆ ಸಿಟ್ಟು. ನಾಲ್ಕನೆಯ ಸಲ ಬರಲಿಲ್ಲ. ಅವಳು ಹೊರಟ ಬೆಳಿಗ್ಗೆ ನಾನು ಕಿಟಕಿಯ ಪರದೆ ಸರಿಸಿ, ಅವಳ ಚೀಲದ ಹಿಡಿಕೆಯ ಮೇಲೆ ಉಷಾರಾಣಿಯ ಸೀರೆಯ ನೇರಳೆ ಎಳೆ ಹಾರಾಡುವುದನ್ನು ನೋಡಿದೆ. ಸರ್ವಿ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಮ್ಮ ಮನೆಯ ಕಡೆಗೇ ನೋಡುತ್ತಿದ್ದಳು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆಯಿಂದ ಹಾಲಿನ ಬೂತಿನ ಮುಂದೆ ದರ್ಬಾರು ಶುರುವಾಯಿತು. ಕನಸು ಹೇಳುವುದು ನಮ್ಮಲ್ಲಿ ಅಲ್ಲೇ. ಬೂತಿನ ತಿಮ್ಮಕ್ಕ ಹಾಲಳೆಯುವುದನ್ನು ನಿಲ್ಲಿಸಿ ಕೇಳುತ್ತಾಳೆ, ಕೊಳಗ ಹಿಡಿದವರೆಲ್ಲ ಬೆಂಚಿನ ಸುತ್ತ ನಿಲ್ಲುತ್ತಾರೆ. ನಾನು ಹೋಗಬಾರದು ಎಂದುಕೊಂಡೇ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದೆ.

ಉಷಾರಾಣಿಯ ಮುಖ ಕೆಂಪಾಗಿತ್ತು. ಮೊದಲ ಕನಸು ನೋಡಿ! ಮಾತು ತೊದಲುತ್ತಿತ್ತು. "ಮರದ ದೋಣಿ ಇತ್ತು ರೀ. ಹಕ್ಕಿಗಳು ತಲೆ ಮೇಲೇ ಬರ್ತಿದ್ವು. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕ ಖರ್ಜೂರ ಕೊಟ್ಟ. ಆಕಡೆ ದಡಕ್ಕೆ ಹೋಗಿ, ಇಳೀದೇನೇ ಇನ್ನೊಂದು ಸಲ ಕಾಸು ಕೊಟ್ಟು ಈಕಡೆ ಬಂದ್ರು. ಮತ್ತೆ ಹೋದ್ರು. ಎಷ್ಟು ಚೆನ್ನಾಗಿತ್ತು ಅಂದ್ರೆ..." ಹೆಂಗಸರೆಲ್ಲ ನಿಟ್ಟುಸಿರು ಬಿಟ್ಟರು.

ಆಕಡೆ ಈಕಡೆ ಓಡಾಡಬಹುದು ಎಂದು ಹೇಳಿಕೊಟ್ಟವಳು ಯಾರು? ಸರ್ವಿಯನ್ನು ದೋಣಿಯಲ್ಲಿ ಕೂರಿಸಿದವಳು ಯಾರು? ನನ್ನ ಬಾಯಿಯೆಲ್ಲ ಕಹಿಯಾಯಿತು. "ಅದು ಸಮುದ್ರ ಅಲ್ಲ, ಕಾಲುವೆ. ದೋಣಿ ಕಾಸನ್ನ ಇಳಿಯೋ ಮುಂಚೆ ಕೊಡೋದು, ಹತ್ತುವಾಗ ಅಲ್ಲ," ಎಂದೆ. ಅವಳು ಸಮುದ್ರ ಎಂದೂ ಹೇಳಿರಲಿಲ್ಲ, ಹತ್ತುವಾಗ ಎಂದೂ ಹೇಳಿರಲಿಲ್ಲ. ತಿಮ್ಮಕ್ಕ ನನ್ನನ್ನೇ ನೋಡಿದಳು. ಉಷಾರಾಣಿ ತಲೆ ತಗ್ಗಿಸಿ, "ಹೌದಾ, ನಂಗೊತ್ತಿಲ್ಲ," ಎಂದಳು.

ಮಾರನೆಯ ದಿನ ಶಾರ್ಜಾದ ಪೇಟೆ. ಅದರ ಮಾರನೆಯ ದಿನ ಬಿಳಿಯ ಮಸೀದಿ, ನುಣ್ಣನೆಯ ಹಾಸುಗಲ್ಲಿನ ಮೇಲೆ ಆಕಾಶ ಬಿದ್ದಿತ್ತಂತೆ, ಅದೇ ಕಲ್ಲಿನೊಳಗೆ ಸರ್ವಿ ಚಪ್ಪಲಿ ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದಳಂತೆ. ಉಷಾರಾಣಿ ಹೇಳುತ್ತ ಹೋದಂತೆ ನನಗೆ ಅವಳ ಮುಖದ ಒಂದೊಂದು ಭಾಗವೂ ಸಹಿಸಲಾರದ್ದಾಯಿತು. ಹುಬ್ಬಿನ ನಡುವಿನ ಆ ಪುಟ್ಟ ಬೊಟ್ಟು, ಮಾತಿನ ಮಧ್ಯೆ ತುಟಿ ಒದ್ದೆ ಮಾಡಿಕೊಳ್ಳುವ ರೀತಿ, ಉದ್ದ ಮೂಗು, ಸೆರಗನ್ನು ಹೆಗಲ ಮೇಲೆ ಎಳೆದುಕೊಳ್ಳುವ ವೈಖರಿ. ಇಂಥ ಮುಖದೊಳಗೆ ಹೋಗಿ ಸರ್ವಿಯ ಕನಸು ಬೀಳಬೇಕೆ? "ಅರ್ಧಕ್ಕರ್ಧ ಕಟ್ಟಿ ಹೇಳ್ತಾಳೆ, ಟೀವೀಲಿ ನೋಡಿದ್ದು," ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಕೆಲವರು ನಂಬಿದರು. ಅದಕ್ಕೂ ಸಮಾಧಾನವಾಗಲಿಲ್ಲ, ಯಾಕೆಂದರೆ ಅವಳು ಕಟ್ಟಿ ಹೇಳುತ್ತಿಲ್ಲ ಎಂದು ನನಗೇ ಚೆನ್ನಾಗಿ ಗೊತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಬಾಯಿ ಬಿಡುವುದು ಸರ್ವಿಯೇ, ಇನ್ಯಾರೂ ಅಲ್ಲ.

ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ನಾನು ಮತ್ತೆ ಮಾರ್ಕಿಂಗ್ ಚಾಕ್ ಹಿಡಿದು ಮೇಜಿನ ಮೇಲೆ ಐದು ಊರು ಬರೆಯುತ್ತಿದ್ದೆ. ಡಬ್ಬಿಯಿಂದ ಒಂದು ನೀಲಿ ಗುಂಡಿ ತೆಗೆದು ಆ ದಿನ ಸರ್ವಿ ಎಲ್ಲಿರಬೇಕೋ ಅಲ್ಲಿ ಇಡುತ್ತಿದ್ದೆ. ಬಸ್ಸು ಸಿಕ್ಕಿತೋ ಇಲ್ಲವೋ, ಮಂಡಿ ನೋವು ಬಂತೋ ಏನೋ, ರೊಟ್ಟಿಗೆ ಯಾರ ಚಟ್ನಿಪುಡಿ ಒಯ್ದಳೋ. ಗುಂಡಿಯನ್ನು ಗೆರೆಯ ಮೇಲೆ ಮೆಲ್ಲಗೆ ಸರಿಸುವುದು, ಆಮೇಲೆ ಒರೆಸುವುದು. ಸಿಟ್ಟಿನಲ್ಲಿ ಒಂದು ದಿನ ಗುಂಡಿಯನ್ನು ಬೀದಿಗೆ ಎಸೆದೆ. ಆಮೇಲೆ ಹೋಗಿ ಹುಡುಕಿ ತಂದೆ.

ಸರ್ವಿ ಅಬುಧಾಬಿ ಬಿಟ್ಟಳು ಎನ್ನುವ ಹೊತ್ತಿಗೆ ಉಷಾರಾಣಿ ಬೂತಿನಲ್ಲಿ ಮಾತು ಕಡಿಮೆ ಮಾಡಿದಳು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಸೀರೆಗೆ ಇಸ್ತ್ರಿ ಇರಲಿಲ್ಲ. "ಖರ್ಜೂರದ ತೋಟ, ನೆರಳಿತ್ತು," ಎಂದಷ್ಟೇ ಹೇಳಿ, ನನ್ನ ಕಡೆ ಒಮ್ಮೆ ನೋಡಿ, ನೋಡಬಾರದ್ದನ್ನು ನೋಡಿದವಳ ಹಾಗೆ ಮುಖ ತಿರುಗಿಸಿ, ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಹೊರಟುಹೋದಳು. ಅಲ್ಲಿದ್ದವರಿಗೆ ಆಶ್ಚರ್ಯವಾಯಿತು. ಜಂಬ ಜಾಸ್ತಿಯಾಯಿತು, ಇನ್ನು ಎಲ್ಲ ತನಗೊಬ್ಬಳಿಗೇ ಇಟ್ಟುಕೊಳ್ಳುತ್ತಾಳೆ ಎಂದುಕೊಂಡೆ ನಾನು.

ಅಂದೇ ಬೆಳಿಗ್ಗೆ, ನಾನು ಅಂಗಡಿ ತೆಗೆದು ಇನ್ನೂ ಕಸ ಗುಡಿಸುತ್ತಿರುವಾಗ, ಅವಳು ಒಳಗೆ ಬಂದಳು. ಕೈಯಲ್ಲೊಂದು ಕಂದು ಬಣ್ಣದ ಚೀಲ. ಮೇಜಿನ ಮೇಲಿಟ್ಟು ಎರಡೂ ಕೈ ಜೋಡಿಸಿದಳು.

"ದಾಕ್ಷಾಯಣಿಯವರೇ, ಈ ಗಂಟು ಬಿಚ್ಚಿಬಿಡಿ. ನನ್ನ ಕೈಲಿ ಇನ್ನು ಆಗಲ್ಲ."

"ಯಾರದು ಈ ಚೀಲ?"

"ನಿಮ್ಮದೇ."

ಹಿಡಿಕೆಗೆ ಅದೇ ನೇರಳೆ ಎಳೆ. ನನಗೆ ತಲೆಬುಡ ತಿಳಿಯಲಿಲ್ಲ. "ನಾನೆಲ್ಲಿಗೆ ಹೋಗಿದೀನಿ, ನನಗ್ಯಾಕೆ ಚೀಲ?" ಎಂದೆ.

"ಸರ್ವಮಂಗಳಾ ಅವರು ಎರಡು ಚೀಲ ಕಟ್ಟಿಸಿದ್ರು. ಒಂದು ಅವರ ಹೆಸರು ಹೇಳಿ, ಒಂದು ನಿಮ್ಮ ಹೆಸರು ಹೇಳಿ. ನೀವು ಕಟ್ಟಿದ್ರೆ ನೀವು ಊರು ಬಿಡೋ ಹಾಗಿಲ್ವಲ್ಲ. ನಿಮ್ಮನ್ನ ಕರಕೊಂಡು ಹೋಗೋದಕ್ಕೆ ಅಂತಾನೇ ನನ್ನ ಹತ್ರ ಬಂದಿದ್ರು. ಇಬ್ಬರದೂ ಟಿಕೇಟಾಗಿದೆ, ವೀಸಾ ಆಗಿದೆ, ಅವಳಿಗೆ ಕೊನೇ ಗಳಿಗೇಲಿ ಹೇಳಿ ಬೆಚ್ಚಿಬೀಳಿಸಬೇಕು ಅಂತಿದ್ರು." ಅವಳು ತುಟಿ ಒದ್ದೆ ಮಾಡಿಕೊಂಡಳು. "ಹೊರಡೋ ಹಿಂದಿನ ದಿನ ಬಂದು ಅತ್ರು. ನಾನು ಮೂರು ಸಲ ಬಾಗಿಲು ತಟ್ಟಿದೀನಿ, ಇನ್ನು ಅವಳೇ ಬರಲಿ, ಬಂದ್ರೆ ಚೀಲ ಕೊಡಿ, ನೀವಾಗಿ ಹೋಗಿ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡ್ರು. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ."

ನಾನು ಸ್ಟೂಲಿನ ಮೇಲೆ ಕೂತೆ. ಸರ್ವಿ ಕೂರುವ ಸ್ಟೂಲು. ಮೇಜಿನ ಮೇಲಿದ್ದ ಚೀಲದ ಜಿಪ್ಪನ್ನು, ಗಂಟು ಮುಟ್ಟದ ಹಾಗೆ, ಒಂದಿಷ್ಟು ಎಳೆದು ನೋಡಿದೆ. ಮೇಲುಗಡೆಯೇ ಮೂರು ಹತ್ತಿ ಬ್ಲೌಸು. ನನ್ನ ಅಳತೆಯವು, ನನ್ನ ಹೊಲಿಗೆಯವು. ಪಕ್ಕದಲ್ಲಿ ನನ್ನ ಮಂಡಿಗೆ ಹಚ್ಚುವ ಎಣ್ಣೆಯ ಬಾಟಲಿ, ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದು. ಎಸಿ ಬಸ್ಸಿನಲ್ಲಿ ಕಾಲು ಕೊರೆಯುತ್ತದೆ ಎಂದು ನಾನೇ ಅವಳಿಗೆ ಹೇಳಿದ್ದ ಉಣ್ಣೆಯ ಕಾಲುಚೀಲ. ಹೊರಗಿನ ಜೇಬಿನಲ್ಲಿ ನನ್ನ ಪಾಸ್‌ಪೋರ್ಟ್. ಬೈದು ಹೊಲಿದುಕೊಟ್ಟ ಬ್ಲೌಸನ್ನು ಕೈಯಲ್ಲಿ ಹಿಡಿದುಕೊಂಡು ನಾನು ಮಂಕು ಬಡಿದವಳ ಹಾಗೆ ಕೂತಿದ್ದೆ. ಯಾಕೆ ಅಂತಂದ್ರೆ, ಎಂದಿದ್ದಳಲ್ಲ. ಮುಂದಿನ ಮಾತು ಒಂದೇ ಒಂದು ಉಸಿರಿನಷ್ಟು ದೂರ ಇತ್ತು. ನಾನು ಯಂತ್ರ ತುಳಿದೆ.

"ಅದು ಸರಿ," ಎಂದೆ ಕೊನೆಗೆ. "ನಿಮಗೇನು ಕಷ್ಟ ಇದರಿಂದ? ಬಿಚ್ಚಿಬಿಡಿ ಅಂತೀರಲ್ಲ, ನಾನು ಹೋಗಲೇ ಇಲ್ಲವಲ್ಲ."

ಉಷಾರಾಣಿ ಬಾಗಿಲ ಕಡೆ ನೋಡುತ್ತ ಹೇಳಿದಳು. "ಹೋಗದಿದ್ರೂ ಕನಸು ಬರತ್ತೆ ರೀ. ಹೆಸರು ಹೇಳಿ ಗಂಟು ಹಾಕಿದೀನಲ್ಲ. ಪ್ರತಿ ರಾತ್ರಿ ಮೊದಲು ಅವರದು ಬರತ್ತೆ, ಆಮೇಲೆ ನಿಮ್ಮದು."

ಚೀಲ ಕಟ್ಟಿಸಿ ಹೋಗದೆ ಉಳಿದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಹೀಗಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಏನು... ಏನು ಕಂಡಿರಿ?"

"ನನ್ನನ್ನೇ," ಎಂದಳು. "ಬೂತಿನ ಹತ್ರ ನಾನು ನಿಂತು ಮಾತಾಡ್ತಿ‌ರ‍್ತೀನಿ. ನಿಮ್ಮ ಕಣ್ಣಲ್ಲಿ. ನನ್ನ ಮೂಗು ಇಷ್ಟುದ್ದ. ನಾನು ನಕ್ಕರೆ ಅಸಹ್ಯ ಆಗತ್ತೆ. ಬಾಯಿ ಮುಚ್ಚಿಸಬೇಕು ಅನ್ನಿಸತ್ತೆ. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತ್ರೆ ಅದೇ ಮುಖ ಕಾಣತ್ತೆ ರೀ ನನಗೆ. ಬೊಟ್ಟು ಇಟ್ಟುಕೊಳ್ಳೋಕೂ ಮನಸ್ಸಾಗಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಕಟ್ಟಿ ಹೇಳ್ತೀನಿ ಅಂತ ನೀವು ಹೇಳಿದ್ದೂ ಕೇಳಿಸ್ತು. ಇಷ್ಟು ವರ್ಷಕ್ಕೆ ಒಬ್ಬರು ಬಂದು ಚೀಲ ಕಟ್ಟಿ ಅಂದ್ರಲ್ಲ ಅಂತ ಎಷ್ಟು ಖುಷಿ ಆಗಿತ್ತು. ನಿಮ್ಮೂರಲ್ಲಿ ನಾನು ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ. ಕಂಡ್ರೆ ಹೀಗೆ ಕಾಣ್ತೀನಿ ಅಂತ ಗೊತ್ತಿರಲಿಲ್ಲ."

ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ನನ್ನ ಹೊಟ್ಟೆಕಿಚ್ಚನ್ನು ನಾನು ನನ್ನೊಳಗೇ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದೆ. ಅದು ರಾತ್ರಿ ರಾತ್ರಿ ಎದ್ದು ಬೀದಿ ದಾಟಿ ಹೋಗಿ ಈ ಹೆಂಗಸಿನ ತಲೆದಿಂಬಿನ ಮೇಲೆ ಕೂರುತ್ತಿತ್ತು. ಗಂಟಿನ ಕಡೆ ಕೈ ಚಾಚಿದೆ, ಇಷ್ಟಾದರೂ ಮಾಡೋಣ ಎಂದು.

"ಒಂದು ನಿಮಿಷ," ಎಂದಳು ಅವಳು. ಅವಳೇ ತಂದು ಅವಳೇ ತಡೆದಳು. "ಗುಂಡಿ ಸರಿಸ್ತೀರಲ್ಲ, ನೀಲಿದು. ಅದನ್ನೂ ನೋಡಿದೆ. ಅದು ಬಂದಾಗ ಮಾತ್ರ ನಿಮ್ಮ ಮೇಲೆ ನನಗೆ ಸಿಟ್ಟು ಬರ್ತಿರಲಿಲ್ಲ. ಇನ್ನೊಂದು ಹೇಳ್ತೀನಿ, ಕೇಳಿ. ಸರ್ವಮಂಗಳಾ ಅವರು ಬಸ್ಸಲ್ಲಿ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು ಕೂರ‍್ತಾರೆ. ಯಾರಾದ್ರೂ ಬಂದು ಕೇಳಿದ್ರೆ, ಬರ್ತಾರೆ ಅಂತ ಕೈ ತೋರಿಸ್ತಾರೆ. ಕನ್ನಡದಲ್ಲೇ ಹೇಳ್ತಾರೆ, ಬರ್ತಾರೆ, ಬರ್ತಾರೆ ಅಂತ. ರೂಮಲ್ಲಿ ಇನ್ನೊಂದು ಮಂಚದ ಮೇಲೆ ಏನೂ ಇಡಲ್ಲ. ಚೀಲ ನೆಲದ ಮೇಲಿಡ್ತಾರೆ."

ನನಗೆ ಅಳು ತಡೆಯಲಾಗಲಿಲ್ಲ. ಬ್ಲೌಸನ್ನೇ ಮುಖಕ್ಕೆ ಹಿಡಿದುಕೊಂಡು ಅತ್ತೆ. ಉಷಾರಾಣಿ ಪಕ್ಕಕ್ಕೆ ಬಂದು ನಿಂತಳೇ ಹೊರತು ನನ್ನನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಮಸ್ಕತ್‌ನಲ್ಲಿ ಎಷ್ಟು ದಿನ ಅಂತ ಬರೆದಿದ್ರಿ ನೀವು?"

"ಎರಡು ರಾತ್ರಿ. ಕಡಲ ದಂಡೆ ಪೇಟೆ ಹತ್ತಿರ ಅಗ್ಗದ ರೂಮು."

"ಇವತ್ತು ಸಂಜೆ ಅಲ್ಲಿ ಇಳೀತಾರೆ. ಬರೋ ಟಿಕೇಟು ಬೇರೆ ಅಲ್ವಾ? ನಿಮ್ಮದು ಇನ್ನೂ ಹಾಗೇ ಇರತ್ತೆ. ಹೋಗೋದಕ್ಕೆ ಒಂದು ಸಿಕ್ಕಿದ್ರೆ ಸಾಕು. ಬಿಚ್ಚಬೇಡಿ ರೀ. ಹೋಗಿ. ನನಗೆ ನನ್ನ ಮುಖ ಬಿಟ್ಟು ಬೇರೆ ಏನಾದ್ರೂ ತೋರಿಸಿ."

ಅಗ್ಗಕ್ಕೆಂದು ನಾನೇ ಹೂಡಿದ ಉಪಾಯ ಅದು, ಹೋಗುವ ಟಿಕೇಟು ಬೇರೆ, ಬರುವ ಟಿಕೇಟು ಬೇರೆ. ನಾನು ಕಣ್ಣೊರೆಸಿಕೊಂಡು ಎದ್ದೆ. ಹಫೀಜ್ ನನ್ನನ್ನು ಕಂಡು ಅಭ್ಯಾಸಬಲದಿಂದ ಶಟರ್‌ಗೆ ಕೈ ಹಾಕಿದ; ಹಿಂದೆ ಉಷಾರಾಣಿ ಇದ್ದದ್ದರಿಂದ ಎಳೆಯಲಿಲ್ಲ. ಮಾರನೆಯ ಬೆಳಗಿನ ವಿಮಾನದಲ್ಲಿ ಒಂದು ಸೀಟು ಸಿಕ್ಕಿತು. ಅದೇನೂ ಅಗ್ಗದ್ದಾಗಿರಲಿಲ್ಲ. ನಾನು ಚೌಕಾಸಿ ಮಾಡಲಿಲ್ಲ, ಹಫೀಜ್‌ಗೆ ಅದನ್ನು ನೋಡಿ ಗಾಬರಿಯಾಯಿತು. ನಮ್ಮ ಯಜಮಾನರಿಗೆ ಹೇಳಿದಾಗ ಅವರು, "ಎರಡನೇ ಸಲ ಬಂದಾಗಲೇ ಹೇಳಿದೆ, ಏನೋ ಹೇಳಬೇಕಂತೆ ಅಂತ," ಎಂದು ಗೊಣಗಿ, ಚಟ್ನಿಪುಡಿಯ ಡಬ್ಬಿ ತಂದು ಕೈಗಿತ್ತರು. ಅದನ್ನು ಚೀಲಕ್ಕೆ ಹಾಕಲು ಹೋದೆ, ನೆನಪಾಗಿ ನಿಲ್ಲಿಸಿ, ಉಷಾರಾಣಿಯ ಕೈಗೆ ಕೊಟ್ಟೆ. ಅವಳು ಮೂಲೆಯಲ್ಲಿ ಜಾಗ ಮಾಡಿ ಅಲ್ಲಾಡದ ಹಾಗೆ ಇಟ್ಟಳು. ಚೆನ್ನಾಗಿಯೇ ಕಟ್ಟಿದ್ದಳು ಚೀಲವನ್ನು. ನಾನಾದರೂ ಎಣ್ಣೆಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಸುತ್ತುತ್ತಿದ್ದೆನೋ ಇಲ್ಲವೋ.

ಬಸ್ಸಿನ ಹತ್ತಿರ ಅವಳೂ ಬಂದಳು. ನಾನು ಕಿಟಕಿಯ ಪಕ್ಕ ಕೂತು ಕೆಳಗೆ ನೋಡಿದೆ. ಆಗಲೂ, ನಿಜ ಹೇಳುತ್ತೇನೆ, ಆಗಲೂ ಹೊಟ್ಟೆಯಲ್ಲಿ ಸಣ್ಣದೊಂದು ಚುರುಕು ಮುಟ್ಟಿತು. ನಾಳೆ ಮಸ್ಕತ್‌ನ ರೂಮಿನ ಬಾಗಿಲು ತಟ್ಟಿದಾಗ ಸರ್ವಿಯ ಮುಖ ನನಗೆ ಕಾಣುತ್ತದೆ. ಸರ್ವಿಗೆ ನಾನು ಹೇಗೆ ಕಂಡೆ ಎನ್ನುವುದು ನನಗೆ ಯಾವತ್ತೂ ಕಾಣುವುದಿಲ್ಲ. ಅದು ಇವಳಿಗೆ ಕಾಣುತ್ತದೆ. ಬಾಗಿಲಿನ ಆಚೆಯದೂ ಈಚೆಯದೂ ಎರಡೂ ಇವಳ ಪಾಲಿಗೆ. ಕೇಳಿದರೆ ಹೇಳುತ್ತಾಳೋ ಇಲ್ಲವೋ.

ಡ್ರೈವರ್ ಬಸ್ಸು ಚಾಲೂ ಮಾಡಿದ. ಉಷಾರಾಣಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಳು. ಅವತ್ತು ಬೊಟ್ಟು ಇರಲಿಲ್ಲ. ನಾನು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಬೊಟ್ಟಿಡುತ್ತಿದ್ದ ಜಾಗದಲ್ಲಿ ತಿಳಿಯಾದ ಒಂದು ಗುರುತು. ಗಲ್ಲದ ಮೇಲೆ ಸಣ್ಣ ಮಚ್ಚೆ. ಮೂಗು ಉದ್ದವೇ, ಆದರೆ ಆ ಮುಖಕ್ಕೆ ಒಪ್ಪುವಷ್ಟೇ ಉದ್ದ. ನಿದ್ದೆಗೆಟ್ಟ ಕಣ್ಣುಗಳು, ಯಾರದೋ ಪ್ರಯಾಣಕ್ಕಾಗಿ ನಿದ್ದೆಗೆಟ್ಟವು. ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ.

"ಯಾಕ್ರೀ ಹಾಗೆ ನೋಡ್ತಿದೀರಿ?" ಎಂದಳು ಅವಳು, ಸಂಕೋಚದಿಂದ ಕೆನ್ನೆ ಮುಟ್ಟಿಕೊಳ್ಳುತ್ತ. "ಏನಾಗಿದೆ ನನ್ನ ಮುಖಕ್ಕೆ?"

"ಸ್ವಲ್ಪ ಹಾಗೇ ನಿಂತಿರಿ," ಎಂದೆ. "ರಾತ್ರಿ ನೀವೇ ನೋಡಿಕೊಳ್ಳಿ."

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಂಡಕ್ಟರ್ ಬೈದರೂ ಕೇಳದೆ, ತಿರುವಿನಲ್ಲಿ ಅವಳು ಕಾಣದಾಗುವವರೆಗೂ ನಾನು ಅವಳನ್ನೇ ನೋಡಿದೆ.